ಕಾಯಿನ್ ಏರಿದೆ, ಕೀಲಿ ಯಾರ ಬಳಿ ಇದೆ?

“ವೈನಿ, ಪೆಂಡಿಂಗ್ ಅಂದ್ರ ಬರ್ತೈತಿ ಅಂತನೋ, ಬರೂದಿಲ್ಲ ಅಂತನೋ?”

ಇಳಕಲ್ಲಿನಿಂದ ನನ್ನ ನಾದಿನಿ ಸುಜಾತಾ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಬಾಗಲಕೋಟೆಯ ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೆಂಚಿನ ಮೇಲಿದ್ದದ್ದು ಕರಕಲಾಯಿತು. ಕಾನ್ವೆಂಟಿನಲ್ಲಿ ಓದಿದವಳು ಎಂಬ ಒಂದೇ ಕಾರಣಕ್ಕೆ ನಮ್ಮ ಬಳಗದ ಇಂಗ್ಲಿಷ್ ಕಾಗದಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ಗುಳಿಗೆಯ ಚೀಟಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ಈಗ ಇದು.

“ಎಷ್ಟ್ ದಿನಾ ಆತು ಪೆಂಡಿಂಗ್ ಆಗಿ?”

“ಹನ್ನೊಂದು ದಿನಾ ಆತ್ರಿ.”

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದೆ.

ಸುಜಾತಾ ಮನೆಯಿಂದಲೇ ಸೀರೆ ಮಾರುತ್ತಾಳೆ. ವಾಟ್ಸಾಪಿನಲ್ಲಿ ಬಣ್ಣ ತೋರಿಸುವುದು, ಅಡ್ವಾನ್ಸ್ ತೆಗೆದುಕೊಳ್ಳುವುದು, ಆ ದುಡ್ಡಿನಲ್ಲಿ ರೇಷ್ಮೆ ತಂದು ಓಣಿಯ ನೇಕಾರರಿಗೆ ಕೊಡುವುದು. (ನನ್ನದೂ ಒಂದು ಆರ್ಡರ್ ಇದೆ. ದಾಳಿಂಬೆ ಬಣ್ಣದ್ದು, ಅಡ್ವಾನ್ಸ್ ಕೊಟ್ಟಾಗಿದೆ.) ಈ ಸಲ ಬಾದಾಮಿಯ ಒಂದು ಮನೆಯವರು ಮದುವೆಗೆಂದು ಹನ್ನೆರಡು ಸೀರೆ ಹೇಳಿ, ಅಡ್ವಾನ್ಸನ್ನು ಬಹಳ ಮೊದಲೇ ಕಳಿಸಿಬಿಟ್ಟಿದ್ದರು. ರೇಷ್ಮೆ ತರಲು ಇನ್ನೂ ಒಂದು ತಿಂಗಳಿತ್ತು. ಅಲ್ಲಿಯವರೆಗೆ ದುಡ್ಡು ಸುಮ್ಮನೆ ಯಾಕೆ ಬಿದ್ದಿರಬೇಕು? ಆಕೆ ಅದನ್ನು ಒಂದು ಆ್ಯಪಿನ ಮೂಲಕ ಕ್ರಿಪ್ಟೋದಲ್ಲಿ ಹಾಕಿದಳು. ರೇಷ್ಮೆಗೆಂದು ವಾಪಸು ಕೇಳಿದ ದಿನದಿಂದ ಆ್ಯಪು ‘ಪೆಂಡಿಂಗ್’ ಎಂದಷ್ಟೇ ತೋರಿಸುತ್ತಿತ್ತು. (ಆ್ಯಪಿನ ಹೆಸರು ಬರೆಯುವುದಿಲ್ಲ. ನಾಳೆಯೂ ಅದಕ್ಕೆ ಅದೇ ಹೆಸರಿರುತ್ತದೆ ಎಂಬ ಭರವಸೆ ನನಗಿಲ್ಲ.)

ನಾನು ಹೋದಾಗ ನೇಕಾರ ಹುಸೇನಸಾಬರು ಬಾಗಿಲಲ್ಲಿ ನಿಂತಿದ್ದರು. “ಮಗ್ಗ ಖಾಲಿ ನಿಂತೈತ್ರಿ ಅಕ್ಕಾರ. ರೇಷ್ಮಿ ಎಂದ ಬರ್ತೈತಿ?” ಸುಜಾತಾ ನನ್ನ ಮುಖ ನೋಡಿದಳು. ನಾನು ಅವಳ ಫೋನು ಇಸಿದುಕೊಂಡೆ.

ಮೊದಲು ನೋಡಿದ್ದು ಸಹಾಯವಾಣಿಯ ಚಾಟ್. ದಿನಕ್ಕೊಬ್ಬ ಹೊಸ ಹುಡುಗಿ, ಹೊಸ ಹೆಸರು. ಆದರೆ ‘ಸಾರಿ’ ಎಂಬ ಪದದಲ್ಲಿ ಎಲ್ಲರೂ ಒಂದೇ ಸ್ಪೆಲ್ಲಿಂಗ್ ತಪ್ಪು ಮಾಡಿದ್ದರು. ಹನ್ನೊಂದು ಹುಡುಗಿಯರು ಒಂದೇ ಸಾಲೆಯಲ್ಲಿ ಓದಿದ್ದರೇ?

ಸಾಲೆಯಲ್ಲಿ ನಮ್ಮ ಸಿಸ್ಟರ್ ಒಬ್ಬರು ಪುಟದ ಅಡಿಯ ಸಣ್ಣಕ್ಷರವನ್ನು ಮೊದಲು ಓದಿಸುತ್ತಿದ್ದರು. ಆ್ಯಪಿನ ಷರತ್ತುಗಳ ಕೊನೆಯಲ್ಲಿಯೂ, ಬೂದು ಬಣ್ಣದಲ್ಲಿ ಅದು ಇತ್ತು. ಗ್ರಾಹಕರ ಕಾಯಿನ್ನುಗಳನ್ನು ಕಂಪನಿ ತನ್ನ ಹೆಸರಿನಲ್ಲೇ, ಬೇರೊಂದು ಸಂಸ್ಥೆಯ ಬಳಿ ಇಡುತ್ತದೆ. ಬೇಕಾದರೆ ಅವನ್ನು ಇನ್ನೊಬ್ಬರಿಗೆ ಸಾಲವಾಗಿಯೂ ಕೊಡುತ್ತದೆ.

“ಹಂಗಂದ್ರ?” ಎಂದಳು ಸುಜಾತಾ.

“ನೀ ಒಂದು ಸೀರಿ ಕುಚ್ಚು ಕಟ್ಟಾಕ ಕೊಟ್ಟಿ ಅಂತ ತಿಳಕೋ. ಅಂಗಡಿಯಾಕಿ ನಿನಗ ಚೀಟಿ ಕೊಟ್ಲು. ಸೀರಿ ಒಯ್ದು ಮತ್ತೊಬ್ಬಾಕಿ ಮನ್ಯಾಗ ಇಟ್ಲು. ಆಕಿ ಅದನ್ನ ಉಟಗೊಂಡು ಯಾವುದೋ ಊರಿಗೆ ಹೋದ್ಲು. ಈಗ ನಿನ್ನ ಕೈಯಾಗ ಏನೈತಿ?”

“ಚೀಟಿ.”

“ಅದೂ ಫೋನಿನ್ಯಾಗ.”

ಆಕೆ ಪೆದ್ದಿಯಲ್ಲ. ಒಂದು ಎಳೆ ಮುಟ್ಟಿ ರೇಷ್ಮೆ ಯಾವುದು, ಬೆರಕೆ ಯಾವುದು ಎಂದು ಹೇಳುವವಳು. ಮೊದಲ ವಾರ ಸ್ವಲ್ಪ ದುಡ್ಡು ವಾಪಸು ತೆಗೆದು ಪರೀಕ್ಷೆಯನ್ನೂ ಮಾಡಿದ್ದಳಂತೆ. ಬಂದಿತ್ತು. ಅದು ಬಂದದ್ದಕ್ಕೇ ಉಳಿದದ್ದೆಲ್ಲ ಹೋಯಿತೇನೋ.

“ದುಡ್ಡು ಹಾಕೂ ಮೊದಲ ಏನೇನು ಕೇಳಿದ್ದಿ?” ಎಂದೆ.

“ಎಲ್ಲಾ ಕೇಳೇನ್ರಿ ವೈನಿ. ಆ್ಯಪ್ ಹಾಕಿ ಕೊಟ್ಟಾಂವ ಹುನಗುಂದದ ಮಹಾಂತೇಶ. ಯಾರ ಪೈಕಿ, ತಾಯಿ ತವರುಮನಿ ಯಾವುದು, ಎಲ್ಲಾ ಕೇಳೇನಿ. ಕೆರೂರಾಗ ನಮ್ಮ ಅತ್ತಿ ತವರಿನವರಿಗೆ ಬೀಗರಾಗಬೇಕ್ರಿ ಅವರು.”

ನೋಡಿ, ನಾವು ಎಡವುವುದೇ ಇಲ್ಲಿ. ಮನೆ ಬಾಡಿಗೆಗೆ ಕೊಡುವಾಗ, ಎಮ್ಮೆ ಕೊಳ್ಳುವಾಗ, ಹೆಣ್ಣು ತರುವಾಗ ನಮ್ಮ ಕಡೆ ಇದೊಂದೇ ಪ್ರಶ್ನೆ: ಯಾರ ಪೈಕಿ? ಉತ್ತರ ಸಿಕ್ಕಿತೆಂದರೆ ಸಂಶಯ ಮುಗಿಯಿತು. ಮಹಾಂತೇಶ ಯಾರ ಪೈಕಿ ಎಂಬುದು ಸುಜಾತಾಗೆ ಮೂರು ತಲೆಮಾರಿನವರೆಗೆ ಗೊತ್ತು. ಆದರೆ ಕಾಯಿನ್ ಇರುವುದು ಮಹಾಂತೇಶನ ಬಳಿ ಅಲ್ಲವಲ್ಲ?

ಇಬ್ಬರೂ ಹುನಗುಂದಕ್ಕೆ ಹೋದೆವು. ಮಹಾಂತೇಶನದು ಮೊಬೈಲ್ ಅಂಗಡಿ. ಎದ್ದು ನಿಂತು ಕುರ್ಚಿ ಒರೆಸಿದ, ಚಹಾ ಹೇಳಿದ. ಕಳ್ಳನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

“ಕಾಯಿನ್ ಬಿದ್ದಿಲ್ರಿ ಅಕ್ಕಾರ, ಏರೈತಿ. ನೋಡ್ರಿ, ಹಸರ ಗೆರಿ.”

“ಏರಿದ್ರ ಕೊಡ್ಸಪಾ ಮತ್ತ.”

“ಕಂಪನಿಯವರು ಕೊಡಬೇಕ್ರಿ.”

“ಕಂಪನಿ ಎಲ್ಲೈತಿ?”

“ಆ್ಯಪಿನ್ಯಾಗ ಐತ್ರಿ.”

“ಆ್ಯಪ್ ಎಲ್ಲೈತಿ?”

ಆತ ತನ್ನ ಫೋನನ್ನೇ ಮುಂದೆ ಹಿಡಿದ. ಅದರಲ್ಲಿ ಆತನ ದುಡ್ಡೂ ಪೆಂಡಿಂಗ್. ಚಹಾ ಕುಡಿಯುತ್ತಿದ್ದ ಸುಜಾತಾ ಲೋಟ ಕೆಳಗಿಟ್ಟಳು. ಆಕೆಗೆ ಅರ್ಥವಾದದ್ದು ಆಗ.

ನಾವೆಲ್ಲ ಹೆದರುವುದು ಬೆಲೆ ಬಿದ್ದೀತೆಂದು. ಇಲ್ಲಿ ಬೆಲೆ ಏರಿಯೇ ಇದೆ, ಕೊಡುವವರಿಲ್ಲ. ಕ್ರಿಪ್ಟೋ ಒಳ್ಳೆಯದೋ ಕೆಟ್ಟದ್ದೋ ನಾನು ಹೇಳಲಾರೆ. ಅದನ್ನು ತೆರೆಯುವ ಗುಪ್ತ ಸಂಕೇತ, ಅಂದರೆ ಕೀಲಿ, ಯಾರ ಬಳಿ ಇದೆಯೋ ಅದು ಅವರ ಸ್ವತ್ತು ಎಂಬುದಷ್ಟೇ ನನಗೆ ತಿಳಿದದ್ದು. ಕೀಲಿಯನ್ನು ನಮ್ಮ ಬಳಿಯೇ ಇಟ್ಟುಕೊಳ್ಳಬಹುದಂತೆ. ಅದಕ್ಕೆ ಹನ್ನೆರಡು ಇಂಗ್ಲಿಷ್ ಪದ ಒಂದು ಚೀಟಿಯಲ್ಲಿ ಬರೆದಿಡಬೇಕಂತೆ. ಚೀಟಿ ಕಳೆದರೆ ದೇವರೂ ತೆರೆಯಲಾರನಂತೆ. (ನಮ್ಮ ಮನೆಯಲ್ಲಿ ರೇಷನ್ ಕಾರ್ಡು ಹುಡುಕಲು ಮೂರು ದಿನ ಬೇಕು. ಹಾಗಾಗಿ ಆ ಚೀಟಿಯ ಮೇಲೂ ನನಗೆ ನಂಬಿಕೆಯಿಲ್ಲ.)

ನನ್ನ ಗಂಡ ಹೇಳುವುದುಂಟು, “ನಿನಗ ಹಾಲಿನವನ ಮ್ಯಾಲೂ ಸಂಶೇ.” ಹೌದು. ಹಾಲನ್ನು ಬೆರಳ ಮೇಲೆ ಹನಿಸಿ ನೋಡುತ್ತೇನೆ. ತಪ್ಪೇನು?

ಪೊಲೀಸರಲ್ಲಿ ದೂರು ಕೊಟ್ಟೆವು. ಬರೆದುಕೊಂಡವರು ಕೊನೆಯಲ್ಲಿ ಕೇಳಿದರು, “ಯಾರ ಮ್ಯಾಲ್ರಿ ಕಂಪ್ಲೇಂಟು? ಹೆಸರೇನು?” ಇಬ್ಬರೂ ಆ್ಯಪಿನ ಹೆಸರು ಹೇಳಿದೆವು. ಅವರು ಪೆನ್ನು ಹಿಡಿದು ಇನ್ನೂ ಕಾಯುತ್ತಲೇ ಇದ್ದರು.

ಬಾದಾಮಿಯವರ ಮದುವೆ ನಿಲ್ಲುವಂತಿಲ್ಲ. ಸುಜಾತಾ ಎರಡು ಬಳೆ ಅಡವಿಟ್ಟು ರೇಷ್ಮೆ ತರಲು ಹೊರಟಳು. ಅವಳ ಕೈ ಬೋಳಾಗಿತ್ತು, ನೋಡಲಾಗಲಿಲ್ಲ. ಆದರೂ ಬಸ್ ಸ್ಟ್ಯಾಂಡಿನಲ್ಲಿ ನಾನು ಬೈದೆ. “ಬ್ಯಾರೇದವರು ಸೀರಿಗಂತ ಕೊಟ್ಟ ರೊಕ್ಕಾ ಅದು. ಆ ಕಂಪನಿ ನಿನ್ನ ರೊಕ್ಕಾ ಮತ್ತೊಬ್ಬರಿಗೆ ಕೊಟ್ಟೈತಿ ಅಂತ ಅಳತಿ. ನೀ ಮಾಡಿದ್ದು ಬ್ಯಾರೇನೇನು?”

ಬಾಗಲಕೋಟೆಯ ಬಸ್ಸು ಬಂತು. ನಾನು ಹತ್ತಿ ಕುಳಿತೆ. ಆಕೆ ಕಿಟಕಿಯ ಹತ್ತಿರ ಬಂದಳು.

“ವೈನಿ, ಬಾದಾಮಿಯವರ ಸೀರಿಗೆ ರೇಷ್ಮಿ ಆಗ್ತೈತ್ರಿ. ಬಳಿ ರೊಕ್ಕಾ ಅಷ್ಟಕ್ಕ ಸಾಲ್ತೈತಿ.”

ನನ್ನ ಸೀರೆಗೆ ಅಡ್ವಾನ್ಸ್ ಕೊಟ್ಟ ದಿನ ನಾನು ದಾಳಿಂಬೆ ಬಣ್ಣದ ಬಗ್ಗೆ ಅರ್ಧ ಗಂಟೆ ಕೇಳಿದ್ದೆ. ದುಡ್ಡು ಎಲ್ಲಿಡುತ್ತೀ ಎಂದು ಒಂದು ಮಾತೂ ಕೇಳಿರಲಿಲ್ಲ. ಹೇಗೆ ಕೇಳಲಿ, ನಮ್ಮ ಪೈಕಿಯವಳಲ್ಲವೇ?

“ಮತ್ತ ನಂದು?”

ಬಸ್ಸು ಹೊರಟಿತು. ಸುಜಾತಾ ಎರಡು ಹೆಜ್ಜೆ ಜೊತೆಗೇ ನಡೆದಳು.

“ಪೆಂಡಿಂಗ್ ಅಂತ ತಿಳಕೋರಿ ವೈನಿ.”