ನಾಣ್ಯದ ಚಕ್ಕುಬಂದಿ

ತನ್ನ ಆಸ್ತಿಯನ್ನು ಪ್ರಾಮಾಣಿಕವಾಗಿ ಘೋಷಿಸಿದ ಮಹಿಳಾ ನೌಕರರೊಬ್ಬರ ಬಡ್ತಿಯನ್ನು ಒಂದು ಸರ್ಕಾರಿ ಕಚೇರಿ ತಡೆಹಿಡಿದಿದೆ. ಕಾರಣ, ಒಂದು ಪದದ ಅರ್ಥ ಆ ಕಚೇರಿಗೆ ತಿಳಿದಿರಲಿಲ್ಲ. ತಿಳಿಯದಿರುವುದು ಅಪರಾಧವಲ್ಲ. ತಿಳಿಸಿಕೊಟ್ಟ ಮೇಲೂ ತಿದ್ದಿಕೊಳ್ಳದೆ, ತಪ್ಪಿನ ಹೊಣೆಯನ್ನು ಆಕೆಯ ತಲೆಗೇ ಕಟ್ಟಲು ನೋಡಿದ್ದು ಅಪರಾಧ. ಆ ಕಡತದ ಮೇಲೆ ಸಹಿ ಮಾಡಿದ ಪ್ರತಿಯೊಬ್ಬರೂ ಇದಕ್ಕೆ ಉತ್ತರ ಕೊಡಬೇಕು. ಈ ಮಾತನ್ನು ಸಿಟ್ಟಿನ ಭರದಲ್ಲಿ ಬರೆಯುತ್ತಿಲ್ಲ. ಸಿಟ್ಟು ಇಳಿಯಲೆಂದು ಕಾದು, ಕಾಗದಪತ್ರಗಳನ್ನು ಮತ್ತೊಮ್ಮೆ ಓದಿ ಬರೆಯುತ್ತಿದ್ದೇನೆ.

2024ರಲ್ಲಿ ನಾನು ಸಿಂಧನೂರಿನಲ್ಲಿ ತೆರಿಗೆ ಸಲಹೆಗಾರ್ತಿಯಾಗಿದ್ದೆ. ಈಗಲೂ ಅದೇ ಕೆಲಸ. ಎಂ.ಕಾಂ. ಮುಗಿಸಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕಚೇರಿ ತೆರೆದಿದ್ದೆ. ಬರುವವರಲ್ಲಿ ಹೆಚ್ಚಿನವರು ಅಕ್ಕಿ ಗಿರಣಿಯವರು, ಬೀಜದ ಅಂಗಡಿಯವರು, ನಿರಾಶ್ರಿತರ ಪುನರ್ವಸತಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಭತ್ತದ ವ್ಯಾಪಾರಿಗಳು. ನಮ್ಮೂರು ಪಾಮನಕಲ್ಲೂರಿನಲ್ಲಿ ಯಾರಾದರೂ ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ ನಮ್ಮ ಅವ್ವ, “ಮಂದಿ ಲೆಕ್ಕ ಸರಕಾರಕ್ಕ ಹೇಳ್ತಾಳ” ಎನ್ನುತ್ತಾಳೆ. “ಅಂದ್ರ ಚಾಡಿ ಹೇಳೋ ನೌಕರಿ ಅನ್ನು!” ಎಂದು ಓಣಿಯವರು ನಗುತ್ತಾರೆ.

ಆ ವರ್ಷದ ಬೇಸಿಗೆಯಲ್ಲಿ ಯಶೋಧರಾ ನನ್ನ ಕಚೇರಿಗೆ ಬಂದರು. ಹೆಸರನ್ನು ಅವರ ಇಚ್ಛೆಯಂತೆ ಬದಲಿಸಿದ್ದೇನೆ. ಮನೆ ಮಸ್ಕಿಯಲ್ಲಿ, ಕೆಲಸ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಅಧೀಕ್ಷಕಿ ಹುದ್ದೆಯ ಬಡ್ತಿಗೆ ಅವರ ಹೆಸರೇ ಮುಂದಿತ್ತು. ಅವರ ಮನೆತನದಲ್ಲಿ ಆ ಹುದ್ದೆಯ ಕುರ್ಚಿಯಲ್ಲಿ ಕೂಡುವ ಮೊದಲಿಗರು ಅವರೇ ಆಗುತ್ತಿದ್ದರು.

“ತಂಗಿ, ಸ್ಟೇಬಲ್‌ಕಾಯಿನ್ ಅಂತಾರಲ್ಲ, ಅದನ್ನ ಕಾಯ್ದೆ ಪ್ರಕಾರ ಕೊಳ್ಳಾಕ ಬರ್ತೈತೇನು?” ಎಂದು ನೇರವಾಗಿ ಕೇಳಿದರು. “ಕೊಳ್ಳಬ್ಯಾಡ ಅನ್ನೋರು ಭಾಳ ಮಂದಿ ಅದಾರ. ಕೊಂಡ್ರ ಹೆಂಗ ಕೊಳ್ಳಬೇಕು ಅಂತ ಹೇಳೋರು ಒಬ್ರೂ ಸಿಗವಲ್ರು.”

ಬಸ್ ನಿಲ್ದಾಣದ ಬಳಿಯ ಚಹಾದಂಗಡಿಯಲ್ಲಿ ಒಬ್ಬ ಏಜೆಂಟ್ ಅವರಿಗೆ ಗಂಟುಬಿದ್ದಿದ್ದನಂತೆ. “ರೊಕ್ಕ ಕೈಯಾಗ ಕೊಡ್ರಿ ಅಕ್ಕಾರ, ಕಾಯಿನ್ ಮೊಬೈಲಿಗೆ ಹಾಕ್ತೀನಿ. ಪ್ಯಾನ್ ಬ್ಯಾಡ, ಟ್ಯಾಕ್ಸ್ ಬ್ಯಾಡ, ಯಾರಿಗೂ ಖಬರ್ ಇರಂಗಿಲ್ಲ” ಎಂದಿದ್ದ. ಯಶೋಧರಾ ಅವನಿಗೆ, “ಖಬರ್ ಇಲ್ಲದಂಗ ಕೊಳ್ಳಾಕ ಅದೇನು ಕಳುವಿನ ಮಾಲೇನೋ?” ಎಂದು ಕೇಳಿ ಎದ್ದು ಬಂದಿದ್ದರು.

ನಾನು ವಿವರಿಸಿದ್ದನ್ನು ಓದುಗರಿಗೂ ಹೇಳಬೇಕು. ಸ್ಟೇಬಲ್‌ಕಾಯಿನ್ ಎಂದರೆ ಸಾಮಾನ್ಯವಾಗಿ ಒಂದು ಡಾಲರಿನ ಬೆಲೆಗೆ ಕಟ್ಟಿಹಾಕಿದ ಡಿಜಿಟಲ್ ನಾಣ್ಯ. ನಮ್ಮ ದೇಶದಲ್ಲಿ ಅದು ಚಲಾವಣೆಯ ಹಣವಲ್ಲ. ಹಾಗೆಂದು ಅದನ್ನು ಹೊಂದುವುದಕ್ಕೆ ನಿಷೇಧವೂ ಇಲ್ಲ. ತೆರಿಗೆ ಕಾನೂನು ಅದನ್ನು ವರ್ಚುವಲ್ ಡಿಜಿಟಲ್ ಆಸ್ತಿ ಎಂದು ಕರೆಯುತ್ತದೆ. ಕೊಳ್ಳುವುದಾದರೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ಖರೀದಿ-ಮಾರಾಟದ ತಾಣದಲ್ಲಿ, ಅಂದರೆ ಎಕ್ಸ್‌ಚೇಂಜ್‌ನಲ್ಲಿ, ಪ್ಯಾನ್ ಮತ್ತು ಆಧಾರ್ ಕೊಟ್ಟು, ತಮ್ಮದೇ ಬ್ಯಾಂಕ್ ಖಾತೆಯಿಂದ ಕೊಳ್ಳಬೇಕು. ಗುರುತಿಲ್ಲದವರೊಂದಿಗೆ ನೇರ ವ್ಯವಹಾರ ಮಾಡಿದರೆ ಅವರ ಹಣದ ಮೂಲ ಕೆಟ್ಟದ್ದಾಗಿರಬಹುದು. ಆಗ ಸೈಬರ್ ಅಪರಾಧದ ದೂರಿನಲ್ಲಿ ನಮ್ಮ ಖಾತೆಯೂ ಸ್ಥಗಿತವಾಗಬಹುದು. ನಾಣ್ಯ ಹೊರಡಿಸಿದ ಸಂಸ್ಥೆ ಕುಸಿದರೆ ಸರ್ಕಾರದ ಖಾತರಿ ಇಲ್ಲ, ಬ್ಯಾಂಕ್ ಠೇವಣಿಗಿರುವ ವಿಮೆಯೂ ಇಲ್ಲ.

ಎಲ್ಲವನ್ನೂ ಕೇಳಿಸಿಕೊಂಡು ಅವರು ಬಹುತೇಕ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು: “ಬೆಲೆ ಏರಂಗಿಲ್ಲ, ಇಳಿಯಂಗಿಲ್ಲ ಅಂದ್ಮ್ಯಾಲೆ ಲಾಭ ಎಲ್ಲೈತಿ? ಲಾಭ ಇಲ್ಲದ ಕಡೆ ಟ್ಯಾಕ್ಸ್ ಎಲ್ಲಿಂದ ಬರ್ತೈತಿ?”

ತಪ್ಪು ತಿಳಿವಳಿಕೆ ಇರುವುದೇ ಇಲ್ಲಿ. ಆ ನಾಣ್ಯ ಡಾಲರಿನ ಎದುರು ನಿಂತಿರುತ್ತದೆ, ರೂಪಾಯಿಯ ಎದುರು ನಿಂತಿರುವುದಿಲ್ಲ. ಇಪ್ಪತ್ತು ಸಾವಿರ ರೂಪಾಯಿಗೆ ಕೊಂಡದ್ದನ್ನು ಇಪ್ಪತ್ತೊಂದು ಸಾವಿರಕ್ಕೆ ಮಾರಿದರೆ ಲಾಭ ಒಂದು ಸಾವಿರ. ಅದಕ್ಕೆ ಶೇಕಡಾ ಮೂವತ್ತರ ತೆರಿಗೆ ಮುನ್ನೂರು ರೂಪಾಯಿ, ಅದರ ಮೇಲೆ ಶೇಕಡಾ ನಾಲ್ಕರ ಸೆಸ್ ಹನ್ನೆರಡು. ಮಾರುವಾಗಲೇ ಎಕ್ಸ್‌ಚೇಂಜ್ ಪೂರ್ಣ ಮೊತ್ತದ ಮೇಲೆ ಶೇಕಡಾ ಒಂದರಂತೆ ಇನ್ನೂರ ಹತ್ತು ರೂಪಾಯಿ ಟಿಡಿಎಸ್ ಹಿಡಿದಿರುತ್ತದೆ. ಉಳಿದ ನೂರಾ ಎರಡನ್ನು ರಿಟರ್ನ್ ಸಲ್ಲಿಸುವಾಗ ಕಟ್ಟಬೇಕು. ಕೊಂಡ ಬೆಲೆಯನ್ನು ಬಿಟ್ಟು ಎಕ್ಸ್‌ಚೇಂಜ್ ಶುಲ್ಕವೂ ಸೇರಿದಂತೆ ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ನಷ್ಟವಾದರೆ ಅದನ್ನು ಬೇರೆ ಆದಾಯದೊಂದಿಗೆ ಸರಿತೂಗಿಸುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ.

ಯಶೋಧರಾ, “ಅಂದ್ರ ಗೆದ್ದಾಗ ಸರಕಾರ ಪಾಲುದಾರ, ಸೋತಾಗ ಪರವೂರಾಂವ” ಎಂದರು. ಈ ಕಾನೂನಿಗೆ ಇದಕ್ಕಿಂತ ಚಿಕ್ಕ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಓದಿಲ್ಲ.

ಇಷ್ಟಾದರೂ ಅವರು ಕೊಂಡರು. ರೂಪಾಯಿ ಬೀಳುತ್ತಲೇ ಇದೆ, ಸ್ವಲ್ಪ ಡಾಲರಿನ ಬೆಲೆಯಲ್ಲಿ ಇರಲಿ ಎಂಬುದು ಅವರ ಲೆಕ್ಕ. ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ ಮೊತ್ತ, ಒಂದೇ ಸಲದ ಖರೀದಿ. ನೌಕರರು ಸಟ್ಟಾ ವ್ಯವಹಾರ ಮಾಡಬಾರದೆಂಬ ನಡತೆ ನಿಯಮವನ್ನು ನಾನು ನೆನಪಿಸಿದಾಗ, “ಕೊಂಡು ಇಡಾಕಿ ನಾ, ಆಡಾಕಿ ಅಲ್ಲ” ಎಂದರು. ಸರ್ಕಾರಿ ನೌಕರರು ವರ್ಷಕ್ಕೊಮ್ಮೆ ಸಲ್ಲಿಸುವ ಆಸ್ತಿ ಮತ್ತು ಹೊಣೆಗಾರಿಕೆಗಳ ಪಟ್ಟಿಯಲ್ಲಿ, ಚಿನ್ನ ಮತ್ತು ದ್ವಿಚಕ್ರ ವಾಹನದ ಕೆಳಗೆ, ಚರಾಸ್ತಿಯ ಕಾಲಮ್ಮಿನಲ್ಲಿ ಸ್ಟೇಬಲ್‌ಕಾಯಿನ್ ಎಂದು ಸ್ಪಷ್ಟವಾಗಿ ಬರೆದರು. ಚರಾಸ್ತಿ ಎಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಬಹುದಾದದ್ದು. ಹೊಲ, ಮನೆ, ನಿವೇಶನ ಸ್ಥಿರಾಸ್ತಿ. ಇಷ್ಟು ವ್ಯತ್ಯಾಸ ಶಾಲೆಯ ಮಕ್ಕಳಿಗೂ ಗೊತ್ತು.

ಪಟ್ಟಿ ಮೇಲಿನ ಕಚೇರಿಗೆ ಹೋಯಿತು. ಅಲ್ಲಿನ ವಿಷಯ ನಿರ್ವಾಹಕ, ಅಂದರೆ ಆ ಕಡತ ನೋಡಿಕೊಳ್ಳುವ ಗುಮಾಸ್ತ, ಆಡಳಿತದಲ್ಲಿ ಕನ್ನಡವೇ ಇರಬೇಕೆಂಬ ಶ್ರದ್ಧೆಯಿಂದ ಸ್ಟೇಬಲ್‌ಕಾಯಿನ್ ಎಂಬುದನ್ನು ‘ಸ್ಥಿರ ನಾಣ್ಯ’ ಎಂದು ಅನುವಾದಿಸಿದ. ಅಲ್ಲಿಗೆ ನಿಂತಿದ್ದರೆ ಮೆಚ್ಚಬಹುದಿತ್ತು. ಎಲ್ಲ ಪಟ್ಟಿಗಳ ಸಾರಾಂಶವಾದ ಗೋಷ್ವಾರೆ ತಯಾರಿಸುವಾಗ ‘ಸ್ಥಿರ’ ಎಂಬ ಪದ ಕಂಡು, ಅದನ್ನು ಚರಾಸ್ತಿಯ ಕಾಲಮ್ಮಿನಿಂದ ತೆಗೆದು ಸ್ಥಿರಾಸ್ತಿಯ ಕಾಲಮ್ಮಿಗೆ ದಾಟಿಸಿದ.

ಒಂದು ಮಧ್ಯಾಹ್ನ ಯಶೋಧರಾ ಫೋನ್ ಮಾಡಿದರು.

“ತಂಗಿ, ನಾ ಹೊಲ ಕೊಂಡೀನಂತ.”

“ಎಲ್ಲಿ ಅಕ್ಕಾರ?”

“ಅದನ್ನ ನನಗೇ ಕೇಳ್ಯಾರ ಬೇ!”

ನೋಟಿಸನ್ನು ನಾನು ಎರಡು ಬಾರಿ ಓದಿದೆ. ಪೂರ್ವಾನುಮತಿ ಪಡೆಯದೆ ‘ಸ್ಥಿರ ನಾಣ್ಯ’ ಎಂಬ ಸ್ಥಿರಾಸ್ತಿಯನ್ನು ಖರೀದಿಸಿರುವುದಕ್ಕೆ ಶಿಸ್ತುಕ್ರಮ ಏಕೆ ಜರುಗಿಸಬಾರದು ಎಂದು ಕೇಳಲಾಗಿತ್ತು. ಆ ಆಸ್ತಿಯ ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿಯ ವಿವರ ಒದಗಿಸಲು ಸೂಚಿಸಲಾಗಿತ್ತು. ಚಕ್ಕುಬಂದಿ ಎಂದರೆ ಜಮೀನಿನ ನಾಲ್ಕು ದಿಕ್ಕಿಗೆ ಯಾರ ಹೊಲ, ಯಾವ ದಾರಿ ಇದೆ ಎಂಬ ಮೇರೆಯ ವಿವರ. ನಕ್ಕೆ. ಆಮೇಲೆ ಕೊನೆಯ ಸಾಲು ಕಂಡಿತು: ವಿಚಾರಣೆ ಮುಗಿಯುವವರೆಗೆ ಬಡ್ತಿಗೆ ಹೆಸರನ್ನು ಪರಿಗಣಿಸತಕ್ಕದ್ದಲ್ಲ.

ವಿಚಾರಣೆಯ ದಿನ ಅವರ ಜೊತೆ ನಾನೂ ಹೋದೆ. ಎಕ್ಸ್‌ಚೇಂಜಿನ ವಿವರ, ಬ್ಯಾಂಕಿನ ಪುಟ, ತೆರಿಗೆ ಕಾನೂನಿನ ವ್ಯಾಖ್ಯಾನ ಮತ್ತು ಅದರ ಕನ್ನಡ ಅನುವಾದವನ್ನು ಒಯ್ದಿದ್ದೆ. ವಿಚಾರಣಾಧಿಕಾರಿ ಹಿರಿಯರು, ದನಿ ಏರಿಸಿದವರಲ್ಲ. ವಿಷಯ ನಿರ್ವಾಹಕ ಮಾತ್ರ ತನ್ನ ಅನುವಾದವನ್ನು ಬಿಟ್ಟುಕೊಡಲಿಲ್ಲ.

“ಮೇಡಂ, ಸ್ಟೇಬಲ್ ಅಂದ್ರ ಕನ್ನಡದಾಗ ಸ್ಥಿರ ಹೌದಲ್ಲೋ? ಇದು ಆಸ್ತಿ ಅಂತ ನೀವ ಬರ್ದೀರಿ, ಹೌದಲ್ಲೋ? ಎರಡೂ ಕೂಡಿಸ್ರಿ, ಏನಾತು?”

“ಕುದುರೆ ಕಟ್ಟೋ ಜಾಗಕ್ಕೂ ಇಂಗ್ಲಿಷಿನ್ಯಾಗ ಸ್ಟೇಬಲ್ ಅಂತಾರ್ರೀ” ಎಂದೆ. “ಪುಣ್ಯಕ್ಕ ಲಾಯದ ನಾಣ್ಯ ಅಂತ ಬರೀಲಿಲ್ಲ. ಸ್ಥಿರಾಸ್ತಿ ಅಂದ್ರ ಇದ್ದ ಜಾಗ ಬಿಟ್ಟು ಕದಲದ್ದು. ಅಕ್ಕಾರು ಇದನ್ನ ಮೊಬೈಲಿನ್ಯಾಗ ಇಟಗೊಂಡು ದಿನಾ ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನ್ಯಾಗ ಓಡಾಡ್ತಾರ.”

ಅಧಿಕಾರಿ ನಕ್ಕರು. ನಕ್ಕು ಕನ್ನಡಕ ತೆಗೆದರು. “ನಾ ನಕ್ಕಿದ್ದು ಕಡತದಾಗ ಬರಂಗಿಲ್ಲ ಮೇಡಂ. ಇದು ಚರಾಸ್ತಿ ಅಂತ ಹೇಳೋ ಸುತ್ತೋಲೆ ಒಂದು ತೋರಿಸ್ರಿ, ಈಗ ಮುಗಿಸಿಬಿಡ್ತೀನಿ.”

ಆ ನಾಣ್ಯದ ಹೆಸರೆತ್ತಿ ಹೇಳುವ ಸುತ್ತೋಲೆ ನನ್ನ ಬಳಿ ಇರಲಿಲ್ಲ. “ಇದು ಸ್ಥಿರಾಸ್ತಿ ಅಂತ ಹೇಳೋ ಸುತ್ತೋಲೆ ನೋಡಿ ನೋಟಿಸ್ ಕೊಟ್ಟೀರೇನು ಸರ್?” ಎಂದು ಕೇಳಿದೆ. ಅವರು ಗುಮಾಸ್ತನತ್ತ ನೋಡಿದರು, ಗುಮಾಸ್ತ ಕಡತದತ್ತ ನೋಡಿದ. ಮೇಲಿನವರಿಂದ ಸ್ಪಷ್ಟೀಕರಣ ಕೇಳುವುದೆಂದು ಬರೆದು ಅಂದಿನ ವಿಚಾರಣೆ ಮುಗಿಸಿದರು.

ಹೊರಗೆ ಬೇವಿನ ಮರದ ಕೆಳಗೆ ವಿಷಯ ನಿರ್ವಾಹಕ ನಮ್ಮನ್ನು ಹಿಂಬಾಲಿಸಿ ಬಂದ. ಕೆಟ್ಟ ಮನುಷ್ಯನೇನೂ ಅಲ್ಲ. ದನಿಯಲ್ಲಿ ಕಾಳಜಿಯೇ ಇತ್ತು. “ಅಕ್ಕಾರ, ಯಾಕ ಎಳದಾಡ್ತೀರಿ? ‘ಕಣ್ತಪ್ಪಿನಿಂದ ತಪ್ಪಾಗಿ ಘೋಷಿಸಿರುತ್ತೇನೆ’ ಅಂತ ಒಂದು ಸಾಲು ಬರ್ದು ಕೊಡ್ರಿ. ಕಡತ ಮುಚ್ಚತೀವಿ. ಬಡ್ತಿ ಪಟ್ಟಿ ಹೊರಡೋದು ಹತ್ತಿರ ಬಂದೈತಿ, ತಿಳಕೋರಿ.”

ವೃತ್ತಿಯ ಲೆಕ್ಕದಲ್ಲಿ ಅದು ಅಗ್ಗದ ದಾರಿ. ಒಂದು ಸಾಲು, ಒಂದು ಸಹಿ. ಅಧೀಕ್ಷಕಿಯ ಕುರ್ಚಿ ಅವರದು. ಯಶೋಧರಾ ಕೈಚೀಲವನ್ನು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಬದಲಿಸಿದರು.

“ದಿನಾ ಮುಂಜಾನೆ ಬುದ್ಧನ ಮುಂದ ಕೂತು ಸುಳ್ಳು ಹೇಳಂಗಿಲ್ಲ ಅಂತೀನಪಾ. ಸಂಜಿಗೆ ಹೋಗಿ ಏನನ್ನಲಿ? ನಾ ತಪ್ಪು ಬರ್ದಿಲ್ಲ. ನೀವು ತಪ್ಪು ಓದೀರಿ. ಓದಿದೋರು ಬರ್ದು ಕೊಡ್ರಿ.”

ಬಡ್ತಿ ಪಟ್ಟಿ ಹೊರಬಿತ್ತು. ಅವರ ಹೆಸರಿರಲಿಲ್ಲ. ಅವರಿಗಿಂತ ಕಿರಿಯರೊಬ್ಬರು ಅಧೀಕ್ಷಕರಾದರು. ಯಾವ ಬೀರುವಿನಲ್ಲಿ ಯಾವ ಕಡತ ಇದೆಯೆಂದು ಆ ಕಿರಿಯರಿಗೆ ತೋರಿಸಿಕೊಟ್ಟವರು ಯಶೋಧರಾ. ಚಹಾದಂಗಡಿಯ ಏಜೆಂಟ್‌ಗೂ ಸುದ್ದಿ ಮುಟ್ಟಿತ್ತು. “ನಾ ಹೇಳಿದ್ದಿಲ್ಲೇನ್ರಿ ಅಕ್ಕಾರ? ಮುಚ್ಚಿಟ್ಟೋರು ಮಜಾದಾಗ ಅದಾರ, ಹೇಳಿದೋರು ಸಿಕ್ಕೊಂಡಾರ” ಎಂದನಂತೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವು ಕೊಟ್ಟ ಸಂಗತಿಯೆಂದರೆ, ಅವನ ಮಾತು ಸುಳ್ಳಾಗಿರಲಿಲ್ಲ.

ಬಡ್ತಿ ಪಟ್ಟಿ ಹೊರಬಿದ್ದ ಆರ್ಥಿಕ ವರ್ಷದಲ್ಲೇ ಅವರು ನಾಣ್ಯವನ್ನು ಮಾರಿದರು. ಸಣ್ಣ ಲಾಭ ಬಂತು. ಸಂಬಳದವರು ಸಾಮಾನ್ಯವಾಗಿ ತುಂಬುವ ಸರಳ ರಿಟರ್ನ್ ಇದಕ್ಕೆ ನಡೆಯುವುದಿಲ್ಲ. ಐಟಿಆರ್-2ರಲ್ಲಿ ಡಿಜಿಟಲ್ ಆಸ್ತಿಯ ಅನುಸೂಚಿಯನ್ನು ನಾನೇ ತುಂಬಿದೆ. ತೆರಿಗೆ ಕಟ್ಟಿದರು, ರಿಟರ್ನ್ ಯಾವ ತಕರಾರೂ ಇಲ್ಲದೆ ಅಂಗೀಕಾರವಾಯಿತು. ಆ ಅಂಗೀಕಾರದ ಪ್ರತಿಯನ್ನು ಕಡತಕ್ಕೆ ಸೇರಿಸಿದೆವು. ಈಗ ಆಸ್ತಿಯೇ ಅವರ ಬಳಿ ಇಲ್ಲ. ವಿಚಾರಣೆ ಇದೆ.

ಕಾನೂನು ಪಾಲಿಸುವುದು ಹೇಗೆಂದು ಹೇಳಿಕೊಡುವುದು ನನ್ನ ಕೆಲಸವೆಂದು ನಾನು ತಿಳಿದಿದ್ದೆ. ಪಾಲಿಸಿದವರ ಪಕ್ಕದಲ್ಲಿ ನಿಲ್ಲುವುದೂ ಅದೇ ಕೆಲಸದ ಉಳಿದರ್ಧ ಎಂದು ಈ ಪ್ರಕರಣ ಕಲಿಸಿತು. ತೆರಿಗೆ ಕಟ್ಟಿ ಎಂದು ನಾನು ಹೇಳಿದಾಗ ಎದುರು ಕೂತವರು ನನ್ನನ್ನು ನಂಬುತ್ತಾರೆ. ಆ ನಂಬಿಕೆಗೆ ವ್ಯವಸ್ಥೆ ಹೀಗೆ ದಂಡ ಹಾಕುತ್ತಾ ಹೋದರೆ, ನಾಳೆ ನನ್ನ ಮೆಟ್ಟಿಲು ಹತ್ತುವವರಿಗಿಂತ ಚಹಾದಂಗಡಿಯ ಬೆಂಚಿಗೆ ಹೋಗುವವರೇ ಹೆಚ್ಚಾಗುತ್ತಾರೆ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ಈ ಬರಹದ ಮೂಲಕ ವಿನಂತಿಸುತ್ತೇನೆ. ಕಡತ ಯಾವುದೆಂದು ತಮಗೆ ಗೊತ್ತಿದೆ. ಡಿಜಿಟಲ್ ಆಸ್ತಿಯನ್ನು ನೌಕರರು ಯಾವ ಕಾಲಮ್ಮಿನಲ್ಲಿ ಘೋಷಿಸಬೇಕೆಂದು ಕನ್ನಡದಲ್ಲಿ ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಬೇಕು. ಕೇಳಿದ ಸ್ಪಷ್ಟೀಕರಣ ಯಾರ ಮೇಜಿನ ಮೇಲೆ ನಿಂತಿದೆ ಎಂಬುದನ್ನು ತಿಳಿಸಬೇಕು. ಯಶೋಧರಾ ಅವರಿಗೆ ಕೊಟ್ಟ ನೋಟಿಸನ್ನು, ತಪ್ಪು ಕಚೇರಿಯದೆಂದು ಕಾಣಿಸಿ, ಲಿಖಿತವಾಗಿ ಹಿಂಪಡೆಯಬೇಕು. ಅವರ ನಿವೃತ್ತಿಗೆ ಮುನ್ನ ಬಡ್ತಿ ಸಮಿತಿಯ ಸಭೆ ಉಳಿದಿರುವುದು ಒಂದೇ. ತಮ್ಮ ಉತ್ತರ ಆ ಸಭೆ ಸೇರುವ ಮೊದಲು ಅವರ ಕೈಗೆ ತಲುಪಬೇಕು.