ದಾರ ಕಡಿಯುವ ಹಲ್ಲು

ಯಾದಗಿರಿಯ ಒಂದು ಹಲ್ಲಿನ ದವಾಖಾನೆಯಲ್ಲಿ, ಕುರ್ಚಿಯ ಎಡಬದಿಗೆ, ಗೋಡೆಗೆ ಬೆನ್ನು ಹಚ್ಚಿ ನಾನು ನಿಂತಿದ್ದೆ. ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ. ಕೈಯಲ್ಲಿ ನನ್ನ ಹೆಂಡತಿ ಶರಣಮ್ಮನ ಕನ್ನಡಕ ಮತ್ತು ಚೀಲ. ಹಿಡಿದುಕೊಂಡು ನಿಲ್ಲುವುದಷ್ಟೇ ನನ್ನ ಪಾಲಿನ ಕೆಲಸ.

ಶರಣಮ್ಮ ಶಹಾಪುರದ ನಮ್ಮ ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ. ಕತ್ತರಿ ಮಗ್ಗುಲಲ್ಲೇ ಇದ್ದರೂ ದಾರ ಕಡಿಯುವುದು ಹಲ್ಲಿನಿಂದ. ಇಪ್ಪತ್ತೆರಡು ವರ್ಷ ಕಡಿದು ಕಡಿದು ಮೇಲಿನ ಮುಂದಿನ ಹಲ್ಲೊಂದರ ಅಂಚಿನಲ್ಲಿ ದಾರ ಕೂರುವಷ್ಟೇ ಅಗಲದ ಕಚ್ಚು ಬಿದ್ದಿತ್ತು. ಕಸುಬು ಮನುಷ್ಯನ ಮೈಮೇಲೆ ರುಜು ಹಾಕುವುದು ಹೀಗೆ, ಗೆಳೆಯರೇ, ಓದಿ ನೋಡದೆ ನಾವು ಒಪ್ಪಿಕೊಂಡುಬಿಡುತ್ತೇವೆ. ಆ ಹಲ್ಲು ಒಳಗೊಳಗೇ ಸತ್ತು, ಬೇರಿನ ತುದಿಯಲ್ಲಿ ಕೀವು ತುಂಬಿ, ತುಟಿ ಬಾತಮೇಲೆ ರೂಟ್ ಕೆನಾಲ್ ಎಂದಾಯಿತು.

ಮರಗಟ್ಟಿಸುವ ಮದ್ದು ಚುಚ್ಚಿದಾಗ ಅವಳ ಕಾಲ್ಬೆರಳು ಮುದುಡಿದ್ದನ್ನು ಕಂಡೆ, ಆಮೇಲೆ ಮುದುಡಲಿಲ್ಲ. ಡಾಕ್ಟರಮ್ಮ ಹಲ್ಲಿನ ಹಿಂಬದಿಗೆ ರಂಧ್ರ ಕೊರೆದು, ಬೇರಿನ ಒಳಗೋಡೆ ಉಜ್ಜುವ ಕೂದಲಂಥ ಅರಗಳನ್ನು ಇಳಿಸಿ ತಿರುವಿ, ಮದ್ದಿನ ನೀರು ಹರಿಸಿ ತೊಳೆದರು. ಉಗುಳಲು ಎದ್ದಾಗ ಶರಣಮ್ಮ ನನ್ನಿಂದ ಕನ್ನಡಕ ಇಸಿದುಕೊಂಡು ತಟ್ಟೆಯೊಳಗಿನ ಅರಗಳನ್ನು ಕಸುಬಿನ ಕಣ್ಣಿನಿಂದ ನೋಡಿದಳು.

"ಕಣ್ಣಿಲ್ಲದ ಸೂಜಿ ಏನ್ ಹೊಲಿತದರಿ ಇದು?"

"ಇದು ಹೊಲ್ಯಾಂಗಿಲ್ರಿ ಅಮ್ಮಾ, ಬಿಚ್ಚತದ," ಎಂದರು ಡಾಕ್ಟರಮ್ಮ.

ತುಟಿ ಎರಡು ತಾಸು ಮರಗಟ್ಟಿತ್ತು. ಕುಡಿದ ಚಹಾ ಗದ್ದದ ಮೇಲೆ ಇಳಿಯಿತು. ಮೂರು ದಿನ ನಾಲಿಗೆ ತಾಗಿದರೂ ನೋವು. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಗುಳಿಗೆ, ಮೆತ್ತನೆಯ ಅನ್ನ. ನಾಲ್ಕನೆಯ ದಿನ ನೋವು ಇರಲಿಲ್ಲ. ಮರುವಾರ ಬೇರಿನೊಳಗೆ ಮದ್ದು ತುಂಬಿ ಮುಚ್ಚಿದ ಡಾಕ್ಟರಮ್ಮ ನನ್ನ ಕಡೆಗೂ ನೋಡಿ ಹೇಳಿದರು:

"ಕ್ಯಾಪ್ ಹಾಕೋತನಕ ಇದ್ರಲೆ ಏನೂ ಕಡಿಬ್ಯಾಡ್ರಿ. ಒಳಗಿನ ನರ ತಗದೀವಿ, ಮುರದ್ರೂ ನಿಮಗ ಗೊತ್ತಾಗಂಗಿಲ್ಲ. ಬೇರು ಸೀಳಿತಂದ್ರ ಕೀಳೋದೊಂದ ದಾರಿ."

ಅದು ಮದುವೆಗಳ ಕಾಲ. ಕುಪ್ಪಸಗಳ ರಾಶಿಯ ಹಿಂದೆ ಶರಣಮ್ಮ ಕಾಣದಂತಾದಳು. "ನೋವಽ ಇಲ್ಲಲ್ರಿ, ಕ್ಯಾಪಿಗೆ ಮುಂದಿನ ವಾರ ಹೋಗೂಣು," ಎನ್ನುವುದರಲ್ಲಿ ಮೂರು ವಾರ ಕಳೆದವು. ನಾನು ಕತ್ತರಿಗೆ ಲಾಡಿ ಪೋಣಿಸಿ ಅವಳ ಯಂತ್ರಕ್ಕೆ ಕಟ್ಟಿದೆ.

"ಕತ್ತರಿ ಯಾಕ ಕಟ್ತೀರಿ, ಎತ್ತಿನ ಬಾಯಿಗೆ ಕಟ್ಟೋ ಕುಕ್ಕಿ ತಂದು ನನ್ನ ಬಾಯಿಗೇ ಕಟ್ಟಿಬಿಡ್ರಿ," ಎಂದಳು.

ಶುಕ್ರವಾರ, ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ನೀರಿನ ಚೊಂಬು ಹಿಡಿದು ನಾನು ಒಳಬಾಗಿಲಲ್ಲಿ ನಿಂತಿದ್ದೆ, ಯಂತ್ರದಿಂದ ನಾಲ್ಕು ಹೆಜ್ಜೆ ದೂರ. ಎದುರುಮನೆಯ ಖಾಜಾಬಿ ಆಪಾ ಮಗಳ ಕುಪ್ಪಸದ ಕಡೆಯ ಹುಕ್ಕಿಗಾಗಿ ಮಂಚದ ಮೇಲೆ ಕಾದು ಕುಳಿತಿದ್ದರು. ಶರಣಮ್ಮ ಹುಕ್ಕು ಹೊಲಿದು, ಗಂಟು ಹಾಕಿ, ದಾರವನ್ನು ಬಾಯಿಗೆ ಒಯ್ದಳು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಟಿಕ್ಕೆಂದಿತು. ಹಸಿರು ಬಟ್ಟೆಯ ಮೇಲೆ ಬಿಳಿಯ ಚೂರೊಂದು ಬಿತ್ತು. ಗುರುತು ಹಾಕುವ ಸೀಮೆಸುಣ್ಣದ ಪುಡಿಯೆಂದುಕೊಂಡು ಅವಳು ಅದನ್ನು ಬೆರಳಿನಿಂದ ಚಿಮ್ಮಿದಳು.

"ಯಾ ಅಲ್ಲಾ! ಶರಣಮ್ಮ, ಖಡು ಅಲ್ಲವ್ವ ಅದು, ಹಲ್ಲು!"

ಶರಣಮ್ಮ ನಾಲಿಗೆಯಿಂದ ತಡವಿದಳು. ನೋವಿಲ್ಲ. ನಕ್ಕಳು. ಆಮೇಲೆ ಬಗ್ಗಿ ಆ ಚೂರನ್ನು ನೆಲದ ಮೇಲೆ ಹುಡುಕತೊಡಗಿದಳು.

ಮರುದಿನ ಡಾಕ್ಟರಮ್ಮ ಕ್ಷ-ಕಿರಣದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ದಣಿದ ಕಾಲ ಮೇಲೆ ನಿಂತು ನಾನು ಯೋಚಿಸಿದ್ದಿಷ್ಟು: ನಾವು ಬೇಡಿಕೊಂಡು ತೆಗೆಸಿಹಾಕುವ ನೋವು ಕೇಡಿಗೆ ಮೊದಲ ಸಾಕ್ಷಿಯೂ ಆಗಿರುತ್ತದೆ, ಅದನ್ನು ಕಳಿಸಿಕೊಟ್ಟ ಮೇಲೆ ನೋಡುತ್ತಿರುವ ಹೊಣೆ ಪಕ್ಕದಲ್ಲಿದ್ದವರದು. ಎಷ್ಟೋ ವರ್ಷ ಪಕ್ಕದಲ್ಲಿದ್ದೂ ಆ ಕಚ್ಚನ್ನು ನಾನು ಚಂದವೆಂದೇ ನೋಡಿದ್ದೆ.

"ಬೇರು ಸೀಳಿಲ್ರಿ," ಎಂದರು ಡಾಕ್ಟರಮ್ಮ. "ಬೇರಿನಾಗ ಕಡ್ಡಿ ಕೂಡಿಸಿ ಕ್ಯಾಪ್ ಹಾಕ್ತೀನಿ. ಇನ್ನೊಮ್ಮೆ ಹಿಂಗಾದ್ರ ನನ್ನ ಕಡಿ ಬರಬ್ಯಾಡ್ರಿ."

ಕ್ಯಾಪ್ ಕೂತು ಐದು ತಿಂಗಳಾಯಿತು. ಹಲ್ಲು ತಾನಾಗಿಯೇ ಮುರಿಯಿತು, ತಾನು ಕಡಿಯಲೇ ಇಲ್ಲ ಎಂದು ಶರಣಮ್ಮ ಇಂದಿಗೂ ಹೇಳುತ್ತಾಳೆ. ಸುಳ್ಳಲ್ಲ, ದಾರ ಬಾಯಿಗೆ ಹೋದದ್ದೇ ಅವಳಿಗೆ ತಿಳಿದಿಲ್ಲ. ಕಂಡವರು ಇಬ್ಬರು. ಖಾಜಾಬಿ ಆಪಾ ಇದ್ದಾರೆ, ಕೇಳಿದವರಿಗೆಲ್ಲ ಹೇಳುತ್ತಾರೆ. ನಾನೂ ಇದ್ದೇನೆ.