ಸಾಕು ಅಂದ ಪೆಟ್ಟಿಗೆ

ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದಲ್ಲಿರುವ ಶಾರದಕ್ಕನ ಮನೆಗೆ ಸೋಲಾರ್ ಬಿಟ್ಟರೆ ಬೇರೆ ಬೆಳಕಿಲ್ಲ. ಸರ್ವೀಸಿಗೆ ಹೋದವನು ಮನೆಯ ಹೆಂಚಿನ ಮಾಡು ನೋಡಿ ಬೆಚ್ಚಿದೆ. ಬ್ಯಾಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ, ಚಾರ್ಜ್ ಕಂಟ್ರೋಲರ್, ತಾಳುವುದಕ್ಕಿಂತ ಎಷ್ಟೋ ಜಾಸ್ತಿ ಪ್ಯಾನೆಲ್!

"ಇದೆಂತ ಮಾಡಿದ್ರಿ ಅಕ್ಕಾ? ಸುಟ್ಟು ಹೋಗ್ತದೆ!"

"ಮಳೆಗಾಲದಲ್ಲಿ ಪಾಪ, ಅದಕ್ಕೆ ಸಾಕಾಗ್ತಿರ್ಲಿಲ್ಲ ಮಾರಾಯಾ. ಅದ್ಕೇ ಇನ್ನಷ್ಟು ಹಾಕ್ಸಿದೆ."

ಅಳೆದು ನೋಡಿದೆ. ವೋಲ್ಟೇಜ್ ಮಿತಿ ದಾಟಿದ್ದರೆ ಸುಡುತ್ತಿತ್ತು; ಅದು ಮಿತಿಯೊಳಗೇ ಇತ್ತು, ಪ್ಯಾನೆಲ್ ಕೊಡಬಲ್ಲ ಕರೆಂಟ್ ಮಾತ್ರ ಹೆಚ್ಚು. ಅಷ್ಟರಲ್ಲಿ ಮೋಡ ಸರಿದು ರಪ್ಪನೆ ಬಿಸಿಲು ಬಿತ್ತು. ಕಂಟ್ರೋಲರಿನ ಅಂಕಿ ಸರಸರ ಏರಿ, ತನ್ನ ಮಿತಿ ಮುಟ್ಟಿದ್ದೇ ನಿಂತುಬಿಟ್ಟಿತು. ಮಾಡಿನ ತುಂಬ ಬಿಸಿಲು ಕಾದಿದ್ದರೂ ತನಗೆ ಬೇಕಾದಷ್ಟನ್ನೇ ತೆಗೆದುಕೊಂಡು ಆ ಪುಟ್ಟ ಪೆಟ್ಟಿಗೆ ತಣ್ಣಗೆ ಕೂತಿತ್ತು. ಓದಿ ಗೊತ್ತಿದ್ದದ್ದೇ, ಕಣ್ಣಾರೆ ನೋಡಿದಾಗ ಕೈಮುಗಿಯಬೇಕೆನಿಸಿತು.

ಆಮೇಲೆ ಊಟಕ್ಕೆ ಕೂತೆ. ಎರಡೂ ಕೈ ಬಾಳೆಲೆಗೆ ಅಡ್ಡ ಹಿಡಿದು "ಸಾಕು ಅಕ್ಕಾ" ಅಂದೆ. ಶಾರದಕ್ಕ ನನ್ನ ಬೆರಳ ಸಂದಿಯಿಂದಲೇ ಪಾಯಸ ಸುರಿದರು.